ಮೈಸೂರು ಶೈಲಿಯ ಭರತನಾಟ್ಯ: ಅರಮನೆಯಿಂದ ಬಡಾವಣೆಗೆ

ಮೈಸೂರು ಶೈಲಿ ಎಂದು ಹೆಸರಾದ ಭರತನಾಟ್ಯ ಪದ್ಧತಿ ಬೆಳೆದದ್ದು ಒಡೆಯರ ಆಸ್ಥಾನದಲ್ಲಿ, ಹಳೆ ಮೈಸೂರು ಸೀಮೆಯ ಕೆಲವು ದೇವಸ್ಥಾನಗಳಲ್ಲಿ. ನಂಜನಗೂಡು, ಮೂಗೂರು, ಕೋಲಾರ, ಮುಳಬಾಗಿಲು ಈ ನೃತ್ಯದ ತವರುಗಳು. ಅಡವುಗಳಲ್ಲಿ ಹದವಾದ ಮಾರ್ದವ, ಪಾದಾಘಾತದಲ್ಲಿ ಅಬ್ಬರವಿಲ್ಲದಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಅಭಿನಯಕ್ಕೆ ಕೊಟ್ಟ ಅಗ್ರಸ್ಥಾನ ಇದರ ಗುರುತುಗಳು. ಸಂಸ್ಕೃತ ಶ್ಲೋಕ, ಜಯದೇವನ ಅಷ್ಟಪದಿ, ಕ್ಷೇತ್ರಜ್ಞನ ಪದ, ಕನ್ನಡ ತೆಲುಗು ಜಾವಳಿಗಳು ಇದರ ಮುಖ್ಯ ಸಾಮಗ್ರಿ. ಚಂದ್ರಾ ಲೇಔಟ್, ವಿಜಯನಗರ, ರಾಜಾಜಿನಗರದಂಥ ಬಡಾವಣೆಗಳಲ್ಲಿ ಇಂದು ಸಂಜೆಯಾದರೆ ಕೇಳಿಬರುವ ಗೆಜ್ಜೆಯ ಸದ್ದಿಗೂ ಆ ಆಸ್ಥಾನಕ್ಕೂ ನಡುವೆ ಒಂದೂವರೆ ಶತಮಾನದ ದಾರಿಯಿದೆ. ಆ ದಾರಿಯುದ್ದಕ್ಕೂ ಕಲೆಯನ್ನು ಕೈಯಿಂದ ಕೈಗೆ ದಾಟಿಸಿದವರಲ್ಲಿ ಮುಖ್ಯರಾದವರು ಕುಣಿದು ಬದುಕಿದ ಹೆಂಗಸರು.

ಕನ್ನಡ ನಾಡಿನಲ್ಲಿ ನೃತ್ಯದ ಕುರುಹುಗಳು ಬಹಳ ಹಳೆಯವು. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಾಣದ ಕನ್ನಡಿಗರು ವಿರಳ. ವಿಷ್ಣುವರ್ಧನನ ರಾಣಿ ಶಾಂತಲೆ ಸ್ವತಃ ನೃತ್ಯನಿಪುಣೆಯೆಂದು ಶಾಸನಗಳು ಹೊಗಳುತ್ತವೆ. ಆದರೆ ಶಿಲ್ಪದ ಭಂಗಿಯನ್ನು ನೋಡಿ ಅಂದಿನ ಕುಣಿತ ಹೀಗೇ ಇತ್ತೆಂದು ಹೇಳಲಾಗದು. ಕಲ್ಲು ಒಂದು ಕ್ಷಣವನ್ನಷ್ಟೇ ಹಿಡಿದಿಡುತ್ತದೆ. ಕಲಿಕೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಹೆಚ್ಚು ಜೀವಂತವಾದ ಸಾಕ್ಷಿ ಸಿಗುವುದು ವಿಜಯನಗರದ ಕಾಲದಲ್ಲಿ. ಕೃಷ್ಣದೇವರಾಯನ ರಾಜಧಾನಿಗೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅರಮನೆಯ ನೃತ್ಯಶಾಲೆಯೊಂದನ್ನು ವಿವರವಾಗಿ ಬಣ್ಣಿಸಿದ್ದಾನೆ. ಆ ಶಾಲೆಯ ಫಲಕಗಳಲ್ಲಿ ಒಂದೊಂದು ನೃತ್ಯದ ಕೊನೆಯ ಭಂಗಿಯನ್ನು ಕೆತ್ತಲಾಗಿತ್ತು. ಕಲಿಯುವವಳಿಗೆ ಯಾವ ನಿಲುವಿನಲ್ಲಿ ಮುಗಿಸಬೇಕೆಂಬುದು ಮರೆತರೆ ಗೋಡೆಯತ್ತ ನೋಡಿದರೆ ಸಾಕಾಗಿತ್ತು. ಶಾಲೆಯ ಒಂದು ಕಡೆ, ಕೈಯಲ್ಲಿ ಹಿಡಿದುಕೊಂಡು ಮೈಕಾಲುಗಳನ್ನು ಸಡಿಲಿಸಿ ಪಳಗಿಸಲು ಅನುಕೂಲವಾಗುವಂಥ ಜಾಗವೂ ಇತ್ತು. ನೃತ್ಯವನ್ನು ಶಿಸ್ತಿನ ವಿದ್ಯೆಯಾಗಿ, ಅದಕ್ಕೆಂದೇ ಕಟ್ಟಿದ ಕೋಣೆಯಲ್ಲಿ, ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವರ್ಣನೆ ಬೇಕಿಲ್ಲ.

ಅದೇ ಶತಮಾನದಲ್ಲಿ ಬೆಂಗಳೂರಿನ ಸನಿಹದವನೇ ಆದ ಶಾಸ್ತ್ರಕಾರನೊಬ್ಬ ದೂರದ ಉತ್ತರದಲ್ಲಿ ಹೆಸರು ಮಾಡಿದ. ಶಿವಗಂಗೆ ಬೆಟ್ಟದ ಬಳಿಯ ಸಾತನೂರಿನ ಪುಂಡರೀಕ ವಿಠಲ ಮೊದಲು ಖಾನದೇಶದಲ್ಲಿ ಆಶ್ರಯ ಪಡೆದು, ಆಮೇಲೆ ಅಕ್ಬರನ ಆಶ್ರಯ ಸೇರಿ ‘ನರ್ತನನಿರ್ಣಯ’ ಎಂಬ ಸಂಸ್ಕೃತ ಗ್ರಂಥವನ್ನು ಬರೆದ. ನಿಯಮಕ್ಕೆ ಕಟ್ಟುಬಿದ್ದ ಬಂಧ ನೃತ್ಯ, ಸ್ವಚ್ಛಂದವಾದ ಅನಿಬಂಧ ನೃತ್ಯ ಎಂಬ ವಿಂಗಡಣೆಯನ್ನು ಅವನು ವಿಸ್ತಾರವಾಗಿ ಮಾಡಿದ್ದಾನೆ. ತನ್ನ ಕಾಲದಲ್ಲಿ ಜನ ನಿಜವಾಗಿ ಕುಣಿಯುತ್ತಿದ್ದ ಪ್ರಕಾರಗಳನ್ನೂ ಪರ್ಷಿಯಾದಿಂದ ಬಂದ ಬಗೆಗಳನ್ನೂ ಶಾಸ್ತ್ರದೊಳಕ್ಕೆ ಬರಮಾಡಿಕೊಂಡ ಉದಾರಿ ಅವನು. ನೃತ್ಯದ ಇತಿಹಾಸಕಾರರು ಇಂದಿನ ಶಾಸ್ತ್ರೀಯ ಪ್ರಕಾರಗಳ ಬೇರುಗಳನ್ನು ಹುಡುಕುವಾಗ ಈ ಗ್ರಂಥದ ಬಳಿಗೆ ಬರುವುದು ಅದಕ್ಕಾಗಿಯೇ.

ವಿಜಯನಗರ ಪತನವಾದ ಮೇಲೆ ಅದರ ನವರಾತ್ರಿಯ ಸಂಭ್ರಮ ಶ್ರೀರಂಗಪಟ್ಟಣಕ್ಕೆ ಬಂತು. ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ ದಸರೆಯನ್ನು ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತದೆ. ಒಡ್ಡೋಲಗದಲ್ಲಿ ಮೇಳದವರು ಬಂದು ನಿಲ್ಲುವುದು, ನರ್ತಕಿಯರು ಒಬ್ಬೊಬ್ಬರಾಗಿ ರಂಗಕ್ಕಿಳಿಯುವುದು, ಅವರ ನೃತ್ಯದ ಬಗೆಗಳು ಎಲ್ಲವೂ ಅದರಲ್ಲಿವೆ. ಮೈಸೂರು ಅರಮನೆಯಲ್ಲಿ ಇಪ್ಪತ್ತನೆಯ ಶತಮಾನದವರೆಗೆ ನಡೆದುಬಂದ ದಸರಾ ದರ್ಬಾರಿನ ನೃತ್ಯಸೇವೆಗೆ ಇದೇ ಹಿನ್ನೆಲೆ.

ಇಂದಿನ ರೂಪಕ್ಕೆ ನೇರವಾದ ಅಡಿಗಲ್ಲು ಬಿದ್ದದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ತಂಜಾವೂರಿನ ನಾಲ್ವರು ಸಹೋದರರು ಅದುವರೆಗೆ ಚದುರಿದಂತಿದ್ದ ನೃತ್ಯಬಂಧಗಳನ್ನು ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ ಎಂಬ ಕ್ರಮಕ್ಕೆ ತಂದರು. ವಡಿವೇಲು ತಿರುವಾಂಕೂರಿನ ಸ್ವಾತಿ ತಿರುನಾಳರ ಆಸ್ಥಾನಕ್ಕೆ ಹೋದರೆ, ಹಿರಿಯ ಚಿನ್ನಯ್ಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದ. ಮೈಸೂರು ದೊರೆಯನ್ನೇ ನಾಯಕನನ್ನಾಗಿ ಮಾಡಿ ಅವನು ಕಟ್ಟಿದ ರಚನೆಗಳು ಇಂದಿಗೂ ಬಳಕೆಯಲ್ಲಿವೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿಯವರಿಗೆ ಉಳಿದದ್ದು ಅರಮನೆ ಮಾತ್ರ. ಅವರು ತಮ್ಮ ಶಕ್ತಿಯನ್ನೆಲ್ಲ ಸಾಹಿತ್ಯ, ಚಿತ್ರ, ಸಂಗೀತ, ನೃತ್ಯಗಳತ್ತ ತಿರುಗಿಸಿದರು. ರಾಜ್ಯ ಕೈತಪ್ಪಿದ ದೊರೆಯ ಕಾಲದಲ್ಲಿ ಕಲೆಗಳು ಇಷ್ಟು ಹುಲುಸಾಗಿ ಬೆಳೆದದ್ದು ಮೈಸೂರಿನ ಚರಿತ್ರೆಯ ವಿಶೇಷ.

ಆ ಆಸ್ಥಾನದ ನೆರಳಿನಲ್ಲೇ ಹುಟ್ಟಿದವರು ಜಟ್ಟಿ ತಾಯಮ್ಮ. ಜನನ 1857ರಲ್ಲಿ. ತಂದೆ ದಾಸಪ್ಪ ಅರಮನೆಯ ಕುಸ್ತಿ ಜಟ್ಟಿ. ಹೆಸರಿನ ಹಿಂದಿನ ‘ಜಟ್ಟಿ’ ಬಂದದ್ದು ಅಲ್ಲಿಂದ. ತಾಯಮ್ಮ ನೃತ್ತವನ್ನು ಒಬ್ಬರಲ್ಲಿ, ಅಭಿನಯವನ್ನು ಕವೀಶ್ವರ ಗಿರಿಯಪ್ಪನವರಲ್ಲಿ, ಶ್ಲೋಕಗಳ ಅರ್ಥಮರ್ಮವನ್ನು ಕರಿಬಸಪ್ಪ ಶಾಸ್ತ್ರಿಗಳಲ್ಲಿ ಕಲಿತರು. ಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿ, ಆಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಅವರಿಗೆ ದೊಡ್ಡ ಹೆಸರು. 1947ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಮೂರು ತಲೆಮಾರಿನ ಕಲಾವಿದರನ್ನು ಕಂಡಿದ್ದರು.

ಅಂದಿನ ಕಛೇರಿ ಇಂದಿನದಕ್ಕಿಂತ ತೀರ ಬೇರೆ. ನರ್ತಕಿ ಉಡುತ್ತಿದ್ದದ್ದು ಹೊಲಿದ ಉಡುಪಲ್ಲ, ಜರಿಯಂಚಿನ ಸೀರೆ. ಮೇಳದವರು ಬದಿಯಲ್ಲಿ ಕೂರುತ್ತಿರಲಿಲ್ಲ. ನರ್ತಕಿಯ ಬೆನ್ನ ಹಿಂದೆಯೇ ನಿಂತು, ಅವಳು ಮುಂದೆ ಬಂದರೆ ತಾವೂ ಮುಂದೆ, ಹಿಂದೆ ಸರಿದರೆ ತಾವೂ ಹಿಂದೆ ನಡೆಯುತ್ತಿದ್ದರು. ಮೃದಂಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಮುಖವೀಣೆಯೋ ಕ್ಲಾರಿಯೊನೆಟ್ಟೋ ಜೊತೆಗಿರುತ್ತಿತ್ತು, ತಾಳ ಹಿಡಿದ ನಟುವನಾರ್ ಜತಿಗಳನ್ನು ಹೇಳುತ್ತಿದ್ದರು. ನರ್ತಕಿ ತಾನೂ ಹಾಡಬೇಕಿತ್ತು. ಸಂಗೀತ ಬಾರದವಳು ನರ್ತಕಿಯೆನಿಸಿಕೊಳ್ಳುತ್ತಿರಲಿಲ್ಲ, ಸಂಸ್ಕೃತ ಮತ್ತು ತೆಲುಗಿನ ತಿಳಿವಳಿಕೆ ಇಲ್ಲದವಳು ವಿದ್ವತ್ಸಭೆಯೆದುರು ನಿಲ್ಲುವಂತಿರಲಿಲ್ಲ.

ತಾಯಮ್ಮನವರ ಹೆಗ್ಗಳಿಕೆಯಿದ್ದದ್ದು ಅಭಿನಯದಲ್ಲಿ, ಅದರಲ್ಲೂ ಕುಳಿತು ಮಾಡುವ ಅಭಿನಯದಲ್ಲಿ. ಅಮರುಕ ಶತಕದ ಒಂದು ಶ್ಲೋಕವನ್ನು ಹಾಡುತ್ತ, ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡು, ಪ್ರತಿ ಸಲವೂ ಬೇರೊಂದು ಅರ್ಥಕ್ಕೆ ಮುಖವನ್ನು ತೆರೆಯುವುದು ಈ ಪದ್ಧತಿಯ ಹೃದಯ. ರಾತ್ರಿಯೆಲ್ಲ ಕಾದು ಕುಳಿತವಳೊಬ್ಬಳ ಬಳಿಗೆ ನಲ್ಲ ಬೆಳಗಿನ ಜಾವ ಬರುತ್ತಾನೆ ಎನ್ನೋಣ. ಅಲಂಕಾರಶಾಸ್ತ್ರ ಇವಳನ್ನು ಖಂಡಿತಾ ನಾಯಿಕೆ ಎಂದು ಹೆಸರಿಟ್ಟು ಸುಮ್ಮನಾಗುತ್ತದೆ. ಅಭಿನಯಿಸುವವಳ ಕೆಲಸ ಅಲ್ಲಿಂದ ಶುರು. ಮೊದಲ ಸಲ ಹಾಡಿದಾಗ ಅವಳ ಕಣ್ಣು ಬಾಗಿಲ ಕಡೆಗಿರುತ್ತದೆ, ಬಂದನಲ್ಲ ಎಂಬ ನೆಮ್ಮದಿ ಮಾತ್ರ ಕಾಣುತ್ತದೆ. ಎರಡನೆಯ ಸಲ ನೋಟ ಅವನ ಕೊರಳ ಬಳಿ ತುಸು ನಿಲ್ಲುತ್ತದೆ, ಹುಬ್ಬು ಒಂದಿಷ್ಟೇ ಏಳುತ್ತದೆ. ಮೂರನೆಯ ಸಲ ಕತ್ತು ಇನ್ನೊಂದು ಕಡೆಗೆ ಹೊರಳುತ್ತದೆ, ತುಟಿಯಲ್ಲಿ ನಗೆ ಇರುತ್ತದೆ, ಕಣ್ಣಿನಲ್ಲಿ ಇರುವುದಿಲ್ಲ. ಕೈಮುದ್ರೆ ಮಿತವಾಗಿ ಬರುತ್ತದೆ, ಬಾರದೆಯೂ ಇರಬಹುದು. ನೆಲ ಬಿಟ್ಟು ಏಳದೆ, ಹೆಜ್ಜೆ ಹಾಕದೆ, ಒಂದು ಸಾಲಿನಲ್ಲಿ ಒಂದು ಸಂಸಾರದ ಕಥೆ ಹೇಳುವ ಈ ವಿದ್ಯೆಗೆ ವಯಸ್ಸು ಅಡ್ಡಿಯಲ್ಲ. ವಯಸ್ಸಾದಷ್ಟೂ ಅದು ಮಾಗುತ್ತದೆ. ಮೈಸೂರಿನ ಗುರುಗಳು ಎಂಬತ್ತರಲ್ಲೂ ಕಲಿಸಬಲ್ಲವರಾಗಿದ್ದದ್ದು ಇದರಿಂದಲೇ.

ನಾಲ್ವಡಿಯವರ ಆಸ್ಥಾನ ಸಂಗೀತಗಾರರಿಗೆ ತುಂಬಿದ ಮನೆಯಾಗಿತ್ತು. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರು ಅಲ್ಲಿದ್ದರು. ಭಾರತದ ಮೊದಲ ಗ್ರಾಮಫೋನ್ ತಾರೆಯೆನಿಸಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನ ಗಾಯಕಿಯಾಗಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ಇದೇ ಕಾಲದ ಮೈಸೂರು ಸಂಸ್ಥಾನ ನೃತ್ಯದ ಇನ್ನೊಂದು ಕಾಲನ್ನು ಮುರಿದದ್ದೂ ನಿಜ.

1890ರ ದಶಕದಲ್ಲಿ ಮದರಾಸಿನಲ್ಲಿ ದೇವದಾಸಿಯರ ನೃತ್ಯದ ವಿರುದ್ಧ ಚಳವಳಿ ಎದ್ದಿತು. ಮದುವೆ ಮುಂಜಿಗಳಿಗೆ ‘ನಾಚ್’ ಏರ್ಪಡಿಸಬಾರದು, ಅಂಥ ಕಡೆಗೆ ಸಭ್ಯರು ಹೋಗಬಾರದು ಎಂಬುದು ಅದರ ಕೂಗು. ಕಾನೂನಿನ ಹೆಜ್ಜೆಯಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಪ್ರಾಂತ್ಯಗಳಿಗಿಂತ ಬಹಳ ಮುಂದಿತ್ತು. ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನೂ ಗೆಜ್ಜೆಪೂಜೆಯ ವಿಧಿಯನ್ನೂ ನಿಲ್ಲಿಸುವ ಸರ್ಕಾರಿ ಆದೇಶ ಬಂದದ್ದು 1909ರಲ್ಲಿ. ಮುಂಬಯಿಯಲ್ಲಿ ಇಂಥ ಕಾನೂನು ಬರಲು 1934ರವರೆಗೆ, ಮದರಾಸಿನಲ್ಲಿ 1947ರವರೆಗೆ ಕಾಯಬೇಕಾಯಿತು. ಹೆಣ್ಣುಮಗುವನ್ನು ದೇವರ ಹೆಸರಿನಲ್ಲಿ ಬಿಟ್ಟು, ಉಳ್ಳವರ ಆಸರೆಗೆ ಅವಳ ಬದುಕನ್ನು ಒಪ್ಪಿಸುವ ಪದ್ಧತಿಯನ್ನು ಸಮರ್ಥಿಸುವ ಮಾತೇ ಇಲ್ಲ. ಆದರೆ ಆದೇಶ ಹೊರಡಿಸಿದವರು ಆ ಹೆಂಗಸರ ಮುಂದಿನ ಜೀವನಕ್ಕೆ ದಾರಿಯನ್ನು ಹುಡುಕಲಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ನರ್ತಕಿಯರು ತಮ್ಮ ಸೇವೆಯ ಹಕ್ಕನ್ನು ಉಳಿಸಿಕೊಡುವಂತೆ ಸರ್ಕಾರಕ್ಕೆ ಬಿನ್ನವಿಸಿಕೊಂಡರು. ಮನವಿ ತಿರಸ್ಕೃತವಾಯಿತು. ಪದ್ಧತಿಯೊಂದಿಗೆ ಅವರ ವಿದ್ಯೆಗೂ ಕಳಂಕದ ಮುದ್ರೆ ಬಿತ್ತು.

ಅದೇ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ಮೈಸೂರಿನಲ್ಲಿ ಬೆಳೆದು, ಬೆಂಗಳೂರಿನ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು, ಮದರಾಸಿನಲ್ಲಿ ನೆಲೆಸಿದ ಈ ವಿದ್ಯಾಸುಂದರಿ ಹಾಡಿನಿಂದ ಗಳಿಸಿದ ಹಣವನ್ನೆಲ್ಲ ತಿರುವಯ್ಯಾರಿನ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಲು ಸುರಿದರು. ತಂಜಾವೂರಿನ ಮುದ್ದುಪಳನಿ ಎಂಬ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಹೆಣ್ಣೊಬ್ಬಳು ಶೃಂಗಾರವನ್ನು ಬರೆದದ್ದು ಅಶ್ಲೀಲವೆಂದು ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ದೇವದಾಸಿಯರನ್ನು ಕಲಾವಿದೆಯರೆಂದು ಕಾಣಿರೆಂದು ಕೇಳಿಕೊಂಡ ಅವರ ದನಿಗೆ ಸುಧಾರಕರು ಕಿವಿಗೊಡಲಿಲ್ಲ.

ಸಮಾಜದ ಅಂಚಿನಲ್ಲಿ ಹುಟ್ಟಿದ ಕುಣಿತ ಮೊದಲು ನಿಂದೆಗೊಳಗಾಗಿ, ಆಮೇಲೆ ಮಧ್ಯಮ ವರ್ಗದ ಒಪ್ಪಿಗೆ ಪಡೆಯುವುದು ಭಾರತದಲ್ಲಿ ಮಾತ್ರ ನಡೆದದ್ದಲ್ಲ. ಇದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ ಟ್ಯಾಂಗೊ ಇದೇ ಹಾದಿ ಹಿಡಿದಿತ್ತು. 1880ರ ದಶಕದ ಹೊತ್ತಿಗೆ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ಬಂದರುಗಳ ವಠಾರಗಳಲ್ಲಿ ಇಟಲಿ, ಸ್ಪೇನ್‌ಗಳಿಂದ ಕೂಲಿಗೆ ಬಂದವರು, ಆಫ್ರಿಕಾ ಮೂಲದವರು, ಹುಲ್ಲುಗಾವಲಿನಿಂದ ಪಟ್ಟಣ ಸೇರಿದ ದನಗಾಹಿಗಳು ಒತ್ತೊತ್ತಾಗಿ ಬದುಕುತ್ತಿದ್ದರು. ಆಫ್ರಿಕನ್ನರ ಕಂದೊಂಬೆ ತಾಳ, ಕ್ಯೂಬಾದ ಹಬನೇರಾ ಲಯ, ಅಲ್ಲಿನದೇ ಆದ ಮಿಲೊಂಗ ಹಾಡುಗಳು ಬೆರೆತು ಹುಟ್ಟಿದ ಈ ಜೋಡಿ ನೃತ್ಯಕ್ಕೆ ಜರ್ಮನಿಯಿಂದ ಬಂದ ಬ್ಯಾಂಡೊನಿಯನ್ ವಾದ್ಯ ತನ್ನ ದನಿ ಕೊಟ್ಟಿತು. ಅರ್ಜೆಂಟೀನಾದ ಶ್ರೀಮಂತರು ಅದನ್ನು ವೇಶ್ಯಾಗೃಹದ ಕುಣಿತವೆಂದು ದೂರವಿಟ್ಟಿದ್ದರು. 1913ರ ಹೊತ್ತಿಗೆ ಪ್ಯಾರಿಸ್ ಅದಕ್ಕೆ ಮರುಳಾಯಿತು. ಪ್ಯಾರಿಸ್ಸಿನ ಮುದ್ರೆ ಬಿದ್ದ ಮೇಲೆ ಬ್ಯೂನಸ್ ಐರಿಸ್ಸಿನ ದೊಡ್ಡ ಮನೆಗಳೂ ಬಾಗಿಲು ತೆರೆದವು. ಅಪ್ಪುಗೆ ಸಡಿಲವಾಯಿತು, ಹೆಜ್ಜೆ ನಯವಾಯಿತು. 2009ರಲ್ಲಿ ಯುನೆಸ್ಕೊ ಟ್ಯಾಂಗೊವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ದಕ್ಷಿಣ ಭಾರತದಲ್ಲಿ ಆ ಮುದ್ರೆ ಬಿದ್ದದ್ದು 1930ರ ದಶಕದ ಮದರಾಸಿನಲ್ಲಿ. ಇ. ಕೃಷ್ಣ ಅಯ್ಯರ್ ಎಂಬ ವಕೀಲರು ದೇವದಾಸಿ ಕುಟುಂಬದ ಕಲಾವಿದೆಯರ ಕಛೇರಿಗಳನ್ನು ಮ್ಯೂಸಿಕ್ ಅಕಾಡೆಮಿಯಲ್ಲಿ ಏರ್ಪಡಿಸಿದರು. 1935ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅಡ್ಯಾರಿನಲ್ಲಿ ಕುಣಿದರು, ಮರುವರ್ಷ ಕಲಾಕ್ಷೇತ್ರವನ್ನು ಕಟ್ಟಿದರು. ಸದಿರ್, ದಾಸಿಯಾಟ ಎಂಬ ಹೆಸರುಗಳು ಹಿಂದೆ ಸರಿದು ಭರತನಾಟ್ಯವೆಂಬ ಹೆಸರು ನಿಂತಿತು. ಬ್ರಾಹ್ಮಣ ಮನೆತನಗಳ ಹುಡುಗಿಯರು ಗೆಜ್ಜೆ ಕಟ್ಟತೊಡಗಿದರು. ಶೃಂಗಾರ ತೆಳುವಾಗಿ ಭಕ್ತಿ ಮುಂದೆ ಬಂತು. ತಂಜಾವೂರು ಪರಂಪರೆಯ ಬಾಲಸರಸ್ವತಿ ಇದಕ್ಕೆ ಒಪ್ಪದೆ, ಶೃಂಗಾರವೇ ಈ ಕಲೆಯ ಜೀವವೆಂದು ಕೊನೆಯವರೆಗೂ ಹೇಳಿದರು.

ಬೆಂಗಳೂರಿನಲ್ಲಿ ಕಥೆ ಸ್ವಲ್ಪ ಬೇರೆಯಾಗಿ ನಡೆಯಿತು. ಈ ಊರಿನಲ್ಲಿ ಕೋಲಾರದ ಪುಟ್ಟಪ್ಪನವರಂಥ ಗುರುಗಳು ಸಾಂಪ್ರದಾಯಿಕ ಕುಟುಂಬಗಳ ಹೊರಗಿನವರಿಗೂ ಪಾಠ ಹೇಳುತ್ತಿದ್ದರು. ಅವರಲ್ಲಿ ಕಲಿತ ಎಚ್.ಆರ್. ಕೇಶವಮೂರ್ತಿ ಮುಂದೆ ಕೇಶವ ನೃತ್ಯಶಾಲೆಯನ್ನು ನಡೆಸಿ ನೂರಾರು ಮಂದಿಯನ್ನು ತಯಾರು ಮಾಡಿದರು. ಗಂಡಸರು ಕುಣಿಯುವುದು ಅಪರೂಪವಾಗಿದ್ದ ಕಾಲದಲ್ಲಿ ಬೆಂಗಳೂರಿನ ರಾಮ್ ಗೋಪಾಲ್ 1939ರಲ್ಲೇ ಲಂಡನ್ನಿನ ರಂಗಮಂದಿರಗಳಲ್ಲಿ ಭಾರತೀಯ ನೃತ್ಯವನ್ನು ತೋರಿಸಿ ಜಗತ್ತಿನ ಗಮನ ಸೆಳೆದರು.

ಯು.ಎಸ್. ಕೃಷ್ಣರಾವ್ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಷ್ಟರು. ಹಗಲು ಪ್ರಯೋಗಶಾಲೆ, ಸಂಜೆ ನೃತ್ಯ. ಅವರೂ ಪತ್ನಿ ಚಂದ್ರಭಾಗಾದೇವಿಯವರೂ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ನೃತ್ತವನ್ನೂ ಮೈಸೂರಿನ ಜಟ್ಟಿ ತಾಯಮ್ಮನವರಲ್ಲಿ ಅಭಿನಯವನ್ನೂ ಅಭ್ಯಾಸ ಮಾಡಿದರು. ಒಬ್ಬಂಟಿ ನರ್ತಕಿಯ ಕಲೆಯಾಗಿ ಬಂದ ಭರತನಾಟ್ಯವನ್ನು ಗಂಡಹೆಂಡಿರಿಬ್ಬರೂ ಕೂಡಿ ರಂಗದ ಮೇಲೆ ಕುಣಿದರು. ಕಾಲೇಜು ಅಧ್ಯಾಪಕರೊಬ್ಬರು ಪತ್ನಿಯೊಡನೆ ಕುಣಿಯುವುದನ್ನು ಕಂಡ ಬೆಂಗಳೂರಿನ ಸಂಸಾರಸ್ಥರಿಗೆ ತಮ್ಮ ಮಕ್ಕಳನ್ನು ಪಾಠಕ್ಕೆ ಕಳಿಸುವ ಧೈರ್ಯ ಬಂತು. ಅವರ ‘ಮಹಾಮಾಯ’ ಸಂಸ್ಥೆ 1940ರ ದಶಕದಿಂದ ಕೆಲಸ ಮಾಡಿತು. ಕೃಷ್ಣರಾಯರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ನೃತ್ಯ, ನಾಟಕ, ಸಂಗೀತ ವಿಭಾಗದ ಮುಖ್ಯಸ್ಥರೂ ಆದರು. ತಮ್ಮ ಶಾಸ್ತ್ರಜ್ಞಾನವನ್ನು ಪುಸ್ತಕಗಳಲ್ಲಿ, ನೃತ್ಯ ಪದಕೋಶವೊಂದರಲ್ಲಿ ಇಳಿಸಿಟ್ಟರು.

ಮೈಸೂರಿನ ವಿಶೇಷ ಕಾಣುವುದು ಪಾಠ ಹೇಳಿದವರು ಯಾರು ಎಂಬುದರಲ್ಲಿ. ಮದರಾಸಿನಲ್ಲಿ ಹೊಸ ತಲೆಮಾರಿಗೆ ಪಾಠ ಹೇಳಿದವರು ಬಹುಮಟ್ಟಿಗೆ ಗಂಡಸರಾದ ನಟುವನಾರ್‌ಗಳು. ರಂಗದ ಮೇಲೆ ನಿಂತು ಕುಣಿದ ಹೆಂಗಸರಲ್ಲಿ ಮೈಲಾಪುರದ ಗೌರಿ ಅಮ್ಮಾಳ್, ಬಾಲಸರಸ್ವತಿಯವರಂಥ ಕೆಲವರಿಗಷ್ಟೇ ಗುರುಪೀಠ ಸಿಕ್ಕಿತು. ಮೈಸೂರಿನಲ್ಲಿ ಪಾಠದ ಎಳೆ ಹೆಣ್ಣಿನಿಂದ ಹೆಣ್ಣಿಗೆ ನೇರವಾಗಿ ದಾಟಿತು. ಆ ಎಳೆಯ ಎರಡನೆಯ ಕೊಂಡಿ ಕೆ. ವೆಂಕಟಲಕ್ಷಮ್ಮ.

ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರಿನ ತಂಗಲಿ ತಾಂಡ್ಯದಲ್ಲಿ. ಲಂಬಾಣಿ ಕುಟುಂಬದ ಮಗು. ಎಂಟರ ವಯಸ್ಸಿನಲ್ಲಿ ಮೈಸೂರಿಗೆ ಬಂದು ತಾಯಮ್ಮನವರ ಮನೆಯಲ್ಲಿ ಶಿಷ್ಯವೃತ್ತಿಗೆ ಸೇರಿದರು. ದೇವೋತ್ತಮ ಜೋಯಿಸರಲ್ಲಿ ಸಂಸ್ಕೃತ, ಬಿ. ದೇವೇಂದ್ರಪ್ಪನವರಲ್ಲಿ ಸಂಗೀತ ಪಾಠವಾಯಿತು. ಹನ್ನೆರಡರ ಹೊತ್ತಿಗೆ ರಂಗವೇರಿದರು. ವರ್ಷಗಟ್ಟಲೆ ಗುರುವಿನೊಂದಿಗೇ ಕಛೇರಿ ಮಾಡಿ, 1939ರಲ್ಲಿ ನಾಲ್ವಡಿಯವರಿಂದ ಆಸ್ಥಾನ ವಿದುಷಿಯ ಪಟ್ಟ ಪಡೆದರು. ದಸರಾ ದರ್ಬಾರು, ವರ್ಧಂತಿ, ಅರಮನೆಯ ಮದುವೆಗಳಲ್ಲಿ ಅವರ ಸೇವೆ ನಡೆಯುತ್ತಿತ್ತು. ತಾಂಡ್ಯದಲ್ಲಿ ಹುಟ್ಟಿದ ಹುಡುಗಿ ಅಮರುಕನ ಶ್ಲೋಕಗಳ ಸೂಕ್ಷ್ಮವನ್ನು ಪಂಡಿತರೆದುರು ಬಿಡಿಸಿಟ್ಟು ತಲೆದೂಗಿಸಿದ್ದು ಮೈಸೂರು ನೃತ್ಯಚರಿತ್ರೆಯ ಹೆಮ್ಮೆಯ ಅಧ್ಯಾಯ. ಆದರೂ ಪಠ್ಯಪುಸ್ತಕಗಳಲ್ಲಿ ರುಕ್ಮಿಣಿದೇವಿಯವರಿಗೆ ಸಿಕ್ಕ ಪುಟಗಳು ವೆಂಕಟಲಕ್ಷಮ್ಮನವರಿಗೆ ಸಿಕ್ಕಿಲ್ಲ. ಇದು ಸರಿಯಾಗಬೇಕಾದ ಲೋಪ.

ಸ್ವಾತಂತ್ರ್ಯ ಬಂದು ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಅರಮನೆಯ ಆಶ್ರಯ ಬತ್ತುತ್ತ ಬಂತು. ಕಲೆಗೆ ಹೊಸ ಆಸರೆ ಬೇಕಿತ್ತು. 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ಶಿಕ್ಷಣ ಶುರು ಮಾಡಿದಾಗ ಅದರ ಮೊದಲ ರೀಡರ್ ಆಗಿ ಬಂದವರು ವೆಂಕಟಲಕ್ಷಮ್ಮ. ಆಸ್ಥಾನ ನರ್ತಕಿಯೊಬ್ಬರು ವಿಶ್ವವಿದ್ಯಾಲಯದ ಅಧ್ಯಾಪಕಿಯಾಗಿ ನಿಂತದ್ದು 1909ರ ಆದೇಶದ ಐವತ್ತಾರು ವರ್ಷಗಳ ನಂತರ. 1974ರಲ್ಲಿ ನಿವೃತ್ತರಾದ ಮೇಲೂ ತಮ್ಮದೇ ‘ಭಾರತೀಯ ನೃತ್ಯ ನಿಕೇತನ’ದಲ್ಲಿ ಪಾಠ ಮುಂದುವರಿಸಿದರು. 1964ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1992ರಲ್ಲಿ ಪದ್ಮಭೂಷಣ ಬಂದವು. ಶಾಂತಲೆಯ ಹೆಸರಿನಲ್ಲಿ ರಾಜ್ಯ ಸರ್ಕಾರ ಕೊಡುವ ನೃತ್ಯ ಪ್ರಶಸ್ತಿಯೂ ಅವರಿಗೆ ಸಂದಿತು. 2002ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು.

ಬೆಂಗಳೂರಿನಿಂದ ಅವರ ಬಳಿಗೆ ಹೋಗಿ ಕಲಿತವರಲ್ಲಿ ಲಲಿತಾ ಶ್ರೀನಿವಾಸನ್ ಒಬ್ಬರು. ಕೇಶವಮೂರ್ತಿಯವರಲ್ಲಿ ತಳಪಾಯ ಹಾಕಿಸಿಕೊಂಡು, ವೆಂಕಟಲಕ್ಷಮ್ಮನವರಿಂದ ಶ್ಲೋಕ, ಅಷ್ಟಪದಿ, ಜಾವಳಿಗಳ ಅಭಿನಯವನ್ನು ಪಡೆದು, ತಮ್ಮ ‘ನೂಪುರ’ ಶಾಲೆಯ ಮೂಲಕ ಮೈಸೂರು ಶೈಲಿಯನ್ನು ಹೆಸರು ಹಿಡಿದು ಮುನ್ನಡೆಸಿದರು. ಇಂಥವರ ಪ್ರಯತ್ನವಿರದಿದ್ದರೆ ಪಂದನಲ್ಲೂರು, ಕಲಾಕ್ಷೇತ್ರ ಶೈಲಿಗಳ ಪ್ರಭಾವದಲ್ಲಿ ಮೈಸೂರಿನ ಬನಿ ಪೂರಾ ಕರಗಿಹೋಗುತ್ತಿತ್ತು.

ಬೆಂಗಳೂರು ಪಶ್ಚಿಮಕ್ಕೆ ಬೆಳೆದಂತೆ ನೃತ್ಯವೂ ಆ ಕಡೆಗೆ ಹೊರಟಿತು. ಮಲ್ಲೇಶ್ವರ, ಬಸವನಗುಡಿಗಳ ಹಳೆ ಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳು ಮದುವೆಯಾಗಿ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಚಂದ್ರಾ ಲೇಔಟ್, ನಾಗರಭಾವಿಗಳಲ್ಲಿ ಮನೆ ಹೂಡಿದಾಗ ತಮ್ಮ ವಿದ್ಯೆಯನ್ನೂ ಜೊತೆಗೆ ತಂದರು. ಮನೆಯ ಮೇಲ್ಮಹಡಿ, ಕಾರು ನಿಲ್ಲಿಸುವ ಜಾಗ, ಬಾಡಿಗೆಗೆ ಪಡೆದ ಸಮುದಾಯ ಭವನ ಇವೇ ತರಗತಿಗಳಾದವು. ಚಂದ್ರಾ ಲೇಔಟಿಗೆ ಹತ್ತಿರದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ, ಅಲ್ಲಿ ಪ್ರದರ್ಶಕ ಕಲೆಗಳಲ್ಲಿ ಉನ್ನತ ವ್ಯಾಸಂಗ ನಡೆಯುತ್ತದೆ. ಅದರ ಅಂಚಿಗಿರುವ ಮಲ್ಲತ್ತಹಳ್ಳಿಯ ಕಲಾಗ್ರಾಮದ ರಂಗಮಂದಿರ ಈ ಭಾಗದವರಿಗೆ ಕೈಗೆಟುಕುವ ವೇದಿಕೆಯಾಗಿದೆ. ಒಂದು ಕಾಲಕ್ಕೆ ಕಛೇರಿಯೆಂದರೆ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರಕ್ಕೋ 1980ರಲ್ಲಿ ಬಂದ ಚೌಡಯ್ಯ ಸ್ಮಾರಕ ಭವನಕ್ಕೋ ಹೋಗಬೇಕಿತ್ತು.

ಬಡಾವಣೆಯ ತರಗತಿಯ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ. ಮಕ್ಕಳು ಸೊಂಟಕ್ಕೆ ವೇಲ್ ಬಿಗಿದು ಸಾಲಾಗಿ ನಿಂತು ಭೂಮಿಗೆ ನಮಸ್ಕರಿಸುತ್ತಾರೆ. ಗುರು ಮಣೆಯ ಮೇಲೆ ಕೋಲು ತಟ್ಟುತ್ತ ಸೊಲ್ಲು ಹೇಳುತ್ತಾರೆ. ಅರಮಂಡಿಯಲ್ಲಿ ಕುಳಿತ ಕಾಲುಗಳು ಅದೇ ಅಡವನ್ನು ವಿಳಂಬ, ಮಧ್ಯ, ದ್ರುತ ಮೂರೂ ಕಾಲಗಳಲ್ಲಿ ಹಾಕುತ್ತವೆ. ಮೂರನೆಯ ಕಾಲ ಬಂದಾಗ ಅರಮಂಡಿ ಏಳದಂತೆ ಹಿಡಿಯುವುದೇ ಚಿಕ್ಕವರಿಗೆ ಕಷ್ಟ, ಗುರುವಿನ ಕೋಲು ನಿಲ್ಲುವುದೂ ಅಲ್ಲಿಯೇ. ರಾಜ್ಯದ ಪರೀಕ್ಷಾ ಮಂಡಳಿ ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳನ್ನು ನಡೆಸುವ ವ್ಯವಸ್ಥೆ ತಂದ ಮೇಲೆ ಕಲಿಕೆಗೆ ಒಂದು ಚೌಕಟ್ಟು ಬಂತು. ಗುರುವಿನ ಮನೆಯಲ್ಲಿದ್ದು ಹತ್ತು ವರ್ಷ ಕಲಿಯುವ ಬದಲು, ಶಾಲೆಯ ಓದಿನ ಪಕ್ಕದಲ್ಲಿ ವಾರಕ್ಕೆರಡು ಸಂಜೆ ಕಲಿಯುವ ಪದ್ಧತಿ ನೆಲೆಯಾಯಿತು. ಸಾವಿರಾರು ಮಕ್ಕಳಿಗೆ ಕಲೆಯ ಬಾಗಿಲು ತೆರೆದದ್ದು ಈ ವ್ಯವಸ್ಥೆಯೇ. ಆದರೆ ಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಬರೆಯುವುದಕ್ಕೂ ಒಂದು ಶ್ಲೋಕವನ್ನು ಮುಖದಲ್ಲಿ ಬಾಳುವುದಕ್ಕೂ ಅಂತರ ದೊಡ್ಡದು. ಅದನ್ನು ದಾಟಿಸುವ ಬಿಡುವು ಈ ಪದ್ಧತಿಯಲ್ಲಿ ಕಡಿಮೆ.

ಹಳೆಯ ಆಚಾರಗಳಲ್ಲಿ ಕೆಲವು ಹೊಸ ಅರ್ಥದೊಂದಿಗೆ ಉಳಿದುಕೊಂಡಿವೆ. ಅವುಗಳಲ್ಲಿ ಗೆಜ್ಜೆಪೂಜೆ ಮುಖ್ಯವಾದುದು. 1909ರಲ್ಲಿ ಸರ್ಕಾರ ನಿಲ್ಲಿಸಿದ್ದು ಹೆಣ್ಣನ್ನು ದಾಸಿಯಾಗಿ ಬಿಡುವ ಗೆಜ್ಜೆಪೂಜೆಯನ್ನು. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಕಾದಂಬರಿಯೂ ಅದನ್ನಾಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರವೂ ಆ ವಿಧಿಯ ಬಲೆಗೆ ಸಿಕ್ಕ ಹುಡುಗಿಯ ಸಂಕಟವನ್ನು 1960ರ ದಶಕದ ಕನ್ನಡಿಗರಿಗೆ ಮನಮುಟ್ಟುವಂತೆ ಹೇಳಿದ್ದವು. ಇಂದಿನ ಬೆಂಗಳೂರಿನಲ್ಲಿ ಅದೇ ಹೆಸರಿನ ಆಚರಣೆ ನೃತ್ಯ ವಿದ್ಯಾರ್ಥಿನಿಯ ಮೊದಲ ಘಟ್ಟ. ನಟರಾಜನ ವಿಗ್ರಹದ ಮುಂದೆ ಗೆಜ್ಜೆಗಳನ್ನಿಟ್ಟು ಪೂಜಿಸಿ, ಗುರುವಿನ ಕೈಯಿಂದ ಪಡೆದು, ತಂದೆತಾಯಿ ಬಂಧುಬಳಗದ ಮುಂದೆ ಹುಡುಗಿ ನಾಲ್ಕೈದು ಬಂಧಗಳನ್ನು ಪ್ರದರ್ಶಿಸುತ್ತಾಳೆ. ಆಮೇಲೆ ವರ್ಷಗಳ ಅಭ್ಯಾಸದ ನಂತರ ಬರುವುದು ರಂಗಪ್ರವೇಶ. ಎರಡು ಎರಡೂವರೆ ಗಂಟೆ ಒಬ್ಬಳೇ ರಂಗವನ್ನು ತುಂಬಬೇಕಾದ ಆ ಕಾರ್ಯಕ್ರಮಕ್ಕೆ ಆಹ್ವಾನ ಪತ್ರಿಕೆ ಅಚ್ಚಾಗುತ್ತದೆ, ಮುಖ್ಯ ಅತಿಥಿಗಳು ಬರುತ್ತಾರೆ, ಊಟದ ಏರ್ಪಾಡಾಗುತ್ತದೆ. ಉಡುಪು, ಮೇಳ, ಸಭಾಂಗಣದ ಬಾಡಿಗೆ ಸೇರಿ ಖರ್ಚು ಮದುವೆಯನ್ನು ನೆನಪಿಸುವಷ್ಟಾಗುವುದುಂಟು. ಇದರಿಂದ ಪ್ರತಿಭೆಯಿದ್ದೂ ಹಣವಿಲ್ಲದ ಮಕ್ಕಳು ಹಿಂದೆ ಉಳಿಯುತ್ತಾರೆ. ಅರಮನೆ ಕೊಡುತ್ತಿದ್ದ ಸಂಬಳದ ಮೇಲೆ ನಿಂತಿದ್ದ ಕಲೆ ಈಗ ತಂದೆತಾಯಿಯರ ಗಂಟಿನ ಮೇಲೆ ನಿಂತಿದೆ.

ರೂಪದಲ್ಲಿಯೂ ಬದಲಾವಣೆಗಳಾಗಿವೆ. ಮೇಳ ಬೆನ್ನ ಹಿಂದಿನಿಂದ ರಂಗದ ಬಲಬದಿಗೆ ಬಂದು ಕುಳಿತಿದೆ, ನಟುವಾಂಗವನ್ನು ಹೆಚ್ಚಾಗಿ ಗುರುಗಳೇ, ಅವರಲ್ಲೂ ಹೆಂಗಸರೇ ಮಾಡುತ್ತಾರೆ. ಮುಖವೀಣೆ ಹೋಗಿ ಕೊಳಲು, ಪಿಟೀಲು, ವೀಣೆ ಬಂದಿವೆ. ನರ್ತಕಿ ಹಾಡುವ ಪದ್ಧತಿ ನಿಂತಿದೆ. ದಾಸರ ಪದ, ಬಸವಣ್ಣ ಮತ್ತು ಅಕ್ಕಮಹಾದೇವಿಯರ ವಚನ, ಕುವೆಂಪು ಅವರ ಗೀತೆಗಳು ಭರತನಾಟ್ಯಕ್ಕೆ ಅಳವಟ್ಟು, ತೆಲುಗು ತಮಿಳು ರಚನೆಗಳ ಪಕ್ಕದಲ್ಲಿ ಕನ್ನಡಕ್ಕೆ ಹಿರಿದಾದ ಜಾಗ ಸಿಕ್ಕಿದೆ. ಕುಳಿತು ಮಾಡುವ ಅಭಿನಯ ಇಡೀ ಕಛೇರಿಯಲ್ಲಿ ಒಂದು ಪದಕ್ಕೋ ಜಾವಳಿಗೋ ಸೀಮಿತವಾಗಿದೆ. ಮೂಗೂರಿನ ತ್ರಿಪುರಸುಂದರಿ ದೇವಸ್ಥಾನಕ್ಕೆ ನಡೆದುಕೊಳ್ಳುತ್ತಿದ್ದ ಅಮೃತಪ್ಪ, ಜೇಜಮ್ಮ ಮುಂತಾದವರ ಪರಂಪರೆಯನ್ನು ಬಲ್ಲವರು ಬೆರಳೆಣಿಕೆಯಷ್ಟು. ತಾಯಮ್ಮ ಮತ್ತು ವೆಂಕಟಲಕ್ಷಮ್ಮನವರ ಪಾಠಾಂತರದ ಶ್ಲೋಕಗಳು, ಅಷ್ಟಪದಿಗಳು, ಜಾವಳಿಗಳು ಮಾತ್ರ ಶಿಷ್ಯಪ್ರಶಿಷ್ಯರ ಕಛೇರಿಗಳಲ್ಲಿ ನಡೆದು ಬರುತ್ತಿವೆ. ಮೈಸೂರು, ಬೆಂಗಳೂರುಗಳ ಕೆಲವು ಶಾಲೆಗಳಲ್ಲಿ ಅವನ್ನು ಗುರುವಿನ ಎದುರು ಕುಳಿತು, ಒಂದೊಂದೇ ಸಾಲಾಗಿ, ಹಾಡಿಕೊಂಡೇ ಕಲಿಯುತ್ತಾರೆ.